ಅಪ್ಪ ಹಲ್ಲು ಎಣಿಸಿದ ಭಾನುವಾರ

ಇದು ನಡೆದದ್ದು ನಡೆದ ಹಾಗೆ. ಉಪ್ಪುಖಾರ ಹಚ್ಚುವುದು ನನ್ನ ಹುಟ್ಟುಗುಣವಾದರೂ ಅಪ್ಪ ಎಣಿಸಿದ ಹಲ್ಲುಗಳಲ್ಲಿ ಒಂದನ್ನೂ ಹೆಚ್ಚುಕಮ್ಮಿ ಮಾಡಲಾರೆ. ಬಾಯೊಳಗಿನ ಹಲ್ಲಲ್ಲ, ಕಾರಿನ ಟೈಮಿಂಗ್ ಬೆಲ್ಟಿನದು, ಅಂದರೆ ಎಂಜಿನ್ನಿನ ಚಕ್ರಗಳನ್ನು ಒಂದೇ ತಾಳಕ್ಕೆ ತಿರುಗಿಸುವ ಹಲ್ಲುಪಟ್ಟಿಯದು.

ನಮ್ಮ ಕಾರಿಗೆ ಇಪ್ಪತ್ತೊಂದು ವರ್ಷ. ಬೆಲ್ಟಿನ ಗಡುವು ಮುಗಿದೇ ಎರಡು ವರ್ಷ. ಓಡುವಾಗ ಅದು ಕಡಿದರೆ ವಾಲ್ವುಗಳೂ ಪಿಸ್ಟನ್ನುಗಳೂ ಡಿಕ್ಕಿ ಹೊಡೆದುಕೊಂಡು ಎಂಜಿನ್ನಿನ ಕಥೆ ಮುಗಿಯುತ್ತದೆಂದು ಮೂವತ್ತು ವರ್ಷ ಗ್ಯಾರೇಜಿನಲ್ಲಿ ದುಡಿದ ಅಪ್ಪನಿಗೆ ಯಾರೂ ಹೇಳಬೇಕಿರಲಿಲ್ಲ. ಆದರೂ ಹೊಸ ಬೆಲ್ಟು ಡಬ್ಬಿಯಲ್ಲೇ ಕೂತಿತ್ತು. ಆರು ವರ್ಷದ ಹಿಂದೆ ಅವನು ಹಾಕಿದ ಬೆಲ್ಟೊಂದು ಒಂದೇ ಒಂದು ಹಲ್ಲು ಆಚೆ ಕೂತು, ಕೀಲಿ ತಿರುಗಿಸಿದ ಕೂಡಲೇ ಯಾರದೋ ಎಂಜಿನ್ ಬಡಿದುಕೊಂಡು ಹಾಳಾಗಿತ್ತು. "ಕಣ್ಣು ಹೋಯ್ತು ಕಣೇ" ಎಂದು ಅಮ್ಮನ ಮುಂದೆ ತನಗೆ ತಾನೇ ತೀರ್ಪು ಕೊಟ್ಟುಕೊಂಡು ಸ್ಪ್ಯಾನರ್ ಕೆಳಗಿಟ್ಟಿದ್ದ.

ಆ ಭಾನುವಾರ ಅಮ್ಮ ಹೇಳಿದಳು: "ಇವತ್ತು ಬೆಲ್ಟು ಹಾಕ್ತೀರಾ, ಇಲ್ಲಾ ನಾಳೆ ಗುಜರಿಯವನನ್ನ ಕರೆಸ್ಲಾ?"

"ಇವತ್ತೂ ತಪ್ಪಿದ್ರೆ ನನ್ನನ್ನೂ ತೂಕಕ್ಕೆ ಹಾಕು" ಎಂದ ಅಪ್ಪ.

ಹಳೆಯ ಬೆಲ್ಟಿನಲ್ಲಿ ಎಂಜಿನ್ನಿನ ಎರಡು ಹಲ್ಲುಚಕ್ರಗಳಿಗೆ ತಾಕುವ ಕಡೆ ಒಂದೊಂದು ಹಲ್ಲಿಗೆ ಬಿಳಿ ಬಣ್ಣದ ಚುಕ್ಕೆ ಇಟ್ಟು ಅದನ್ನು ಬಿಚ್ಚಿದ. ಚುಕ್ಕೆಯಿಂದ ಚುಕ್ಕೆಗೆ ಎಷ್ಟು ಹಲ್ಲೋ ಅಷ್ಟನ್ನೇ ಹೊಸದರಲ್ಲೂ ಎಣಿಸಿ ಗುರುತು ಹಾಕಬೇಕು. ಇಬ್ಬರು ಬೇರೆಬೇರೆಯಾಗಿ ಎಣಿಸಿ, ಅಂಗೈಯಲ್ಲಿ ಬರೆದು, ಒಟ್ಟಿಗೇ ತೋರಿಸಬೇಕು; ಅದು ಅವನ ಹಳೇ ನಿಯಮ. ನಾನು ಗ್ಯಾರೇಜಿನ ಧಣಿಯ ಮೂಗುದನಿಯಲ್ಲಿ, "ಬೇಗ ಬೇಗ, ಗಿರಾಕಿ ಕಾಯ್ತಿದಾರೆ!" ಎಂದು ಅವನನ್ನು ಕೆಣಕುತ್ತಲೇ ಎಣಿಸಿದೆ.

ಅಂಗೈ ಬಿಚ್ಚಿದೆವು. ಅವನದು ನಲವತ್ತಮೂರು, ನನ್ನದು ನಲವತ್ತೆರಡು.

ಅಪ್ಪ ಮೆಟ್ಟಿಲ ಮೇಲೆ ಕುಸಿದ. "ನೋಡಿದ್ಯಾ? ಕಣ್ಣೇ."

"ಬಾಯಿಬಿಟ್ಟು ಎಣಿಸಪ್ಪಾ, ಕೇಳೋಣ."

ಅವನು ಬಿಳಿ ಹಲ್ಲಿನ ಮೇಲೆ ಬೆರಳಿಟ್ಟು "ಒಂದು" ಎಂದ.

"ತಡಿ. ಅದು ಹೊರಡೋ ಜಾಗ ಅಲ್ವಾ? ನಾನು ಅದರ ಪಕ್ಕದ್ದನ್ನ ಒಂದು ಅಂದೆ."

"ಚುಕ್ಕೆ ಇಟ್ಟಿದ್ದೇ ಒಂದು. ನಾನು ಯಾವತ್ತೂ ಹಾಗೇ..." ಎಂದವನ ಬೆರಳು ಬಿಳಿ ಹಲ್ಲಿನಿಂದ ಪಕ್ಕದ್ದಕ್ಕೆ ಸರಿಯಿತು. ಬೆಲ್ಟು ತೊಡೆಯ ಮೇಲೆ ಜೋತುಬಿದ್ದಿತ್ತು. "ಅವತ್ತು ಧಣಿ ಅವಸರ ಮಾಡ್ದ. ಹಳೇದನ್ನ ನಾನೊಬ್ನೇ ಎಣಿಸಿ ನಂಬರ್ ಕೂಗ್ದೆ. ಹೊಸದಕ್ಕೆ ಗುರುತು ಹಾಕಿದ್ದು ನನ್ನ ಜೊತೆ ಕೆಲಸದವನು. ಅವನೂ ನಿನ್ನ ಹಾಗೇ ಚುಕ್ಕೆ ಹಲ್ಲು ಬಿಟ್ಟು ಎಣಿಸಿರ್ಬೇಕು. ಗುರುತು ಒಂದು ಹಲ್ಲು ಆಚೆ ಬಿತ್ತು" ಎಂದ.

"ಹಾಗಾದ್ರೆ ಕಣ್ಣಲ್ಲ."

"ಕಣ್ಣಲ್ಲ" ಎಂದ ಅವನೂ, ಮೆಲ್ಲಗೆ.

ಇಬ್ಬರ ಲೆಕ್ಕವೂ ಸರಿಯೇ. ನೀನು ಎಲ್ಲಿಂದ ಶುರುಮಾಡಿದೆ ಎಂದು ಒಬ್ಬರನ್ನೊಬ್ಬರು ಕೇಳಿರಲಿಲ್ಲ, ಅಷ್ಟೆ. ನಮ್ಮ ಮನೆಯ ಎಷ್ಟೋ ಜಗಳಗಳ ಹಣೆಬರಹವೂ ಇದೇ ಅನ್ನಿಸಿತು.

ಎರಡೂ ಬೆಲ್ಟನ್ನು ತಾನೇ, ತನ್ನದೇ ರೀತಿಯಲ್ಲಿ ಎಣಿಸಿದ. ಹೊಸದನ್ನು ಕೂರಿಸಿ, ಬಿಗಿ ಮಾಡಿ, ಸ್ಪ್ಯಾನರಿನಿಂದ ಎಂಜಿನ್ನನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿದ. ಎಲ್ಲೂ ತಡೆಯಲಿಲ್ಲ. ಆದರೂ ಸೀಟಿನಲ್ಲಿ ಕೂತು ಕೀಲಿ ಹಿಡಿದವನ ಕೈ ಮುಂದೆ ಹೋಗಲೊಲ್ಲದು. ನಾನು ತೆರೆದ ಬಾನೆಟ್ಟಿನ ಮರೆಯಲ್ಲಿದ್ದೆ. ಕೊನೆಗೂ ತಿರುಗಿಸಿದ. ಎಂಜಿನ್ ಜೇನುಹುಳುವಿನ ಹಾಗೆ ಗುಂಯ್ ಎಂದಿತು.

ನನ್ನ ನಾಲಿಗೆ ಸುಮ್ಮನಿರಬೇಕಲ್ಲ! "ಟಕ್ ಟಕ್ ಟಕ್ ಟಕ್!"

ಅಪ್ಪ ಗಾಬರಿಯಿಂದ ಕೀಲಿ ಹಿಂದಕ್ಕೆ ತಿರುಗಿಸಿದ. ಎಂಜಿನ್ ನಿಂತಿತು. ನಾನು ನಿಲ್ಲಿಸುವುದು ಒಂದು ಕ್ಷಣ ತಡವಾಯಿತು.

"ಟಕ್."

"ಏನ್ರೀ, ಬಂದ್ ಮಾಡಿದ್ಮೇಲೂ ಬಡ್ಕೊಳ್ತಿದೆ?" ಎಂದಳು ಅಮ್ಮ ಕಿಟಕಿಯಿಂದ.

ಅಪ್ಪ ಇಳಿದು ಬಂದ. ಕೈಯಲ್ಲಿ ಸ್ಪ್ಯಾನರ್. ನಾನು ತಲೆ ಮುಚ್ಚಿಕೊಂಡೆ.

"ಕತ್ತೇ, ವಾಲ್ವು ಬಡಿದ್ರೆ ಅಷ್ಟು ತೆಳ್ಳಗೆ ಕೇಳಿಸುತ್ತೇನೇ? ಹೊಟ್ಟೆಯಿಂದ ಬರ್ಬೇಕು. ಹೀಗೆ... ಢಕ್! ಢಕ್!"

ಆರು ವರ್ಷ ಹೆದರಿಸಿದ ಸದ್ದು ತನ್ನ ಬಾಯಿಂದಲೇ ಹೊರಬಿದ್ದದ್ದಕ್ಕೆ ಅವನೇ ಒಂದು ಗಳಿಗೆ ಬೆಪ್ಪಾದ. ಆಮೇಲೆ ಬಾನೆಟ್ಟು ಹಿಡಿದುಕೊಂಡು ನಗತೊಡಗಿದ. ನಾನೂ ನಕ್ಕೆ, ಅಮ್ಮನೂ ನಕ್ಕಳು. ಆದರೆ ಅವನ ಅಬ್ಬರದಲ್ಲಿ ನಮ್ಮಿಬ್ಬರದು ಕೇಳಿಸಲೇ ಇಲ್ಲ.