ಬಿಸಿಲಿಗಿಟ್ಟ ಹಾಡು

ಮದುವೆಯಾದಂದಿನಿಂದ ಘೋಡಗೇರಿಯ ಇಂದುಬಾಯಿಯನ್ನು ಗಂಡ ರಾವಸಾಹೇಬರು ಹೆಸರು ಹಿಡಿದು ಕರೆದದ್ದು ಒಂದೇ ಸಲ. ಮನೆಯಲ್ಲಿ "ಏ, ಕೇಳಿಲ್ಲೆ" ಅಂದರೆ ಮುಗಿಯಿತು. ಆದರೆ ಬಸದಿಯಲ್ಲಿ ಭಜನೆ ಹಾಡುತ್ತಿದ್ದ ರಾವಸಾಹೇಬರು ಗೋಕಾಕದ ಗುರುರಾಜನ ಸ್ಟುಡಿಯೊಗೆ ಹೋಗಿ ರೆಕಾರ್ಡ್ ಮಾಡಿಸಿದ ದಿನ, ಹಾಡು ಶುರುವಾಗುವ ಮೊದಲು, ಜೊತೆಗೆ ಬಂದಿದ್ದ ಹೆಂಡತಿಗೆ "ಇಂದೂ, ಆ ಫ್ಯಾನ್ ಬಂದ್ ಮಾಡು" ಅಂದರು. ಆ ಮಾತೂ ಸಿ.ಡಿ.ಯಲ್ಲಿ ಕೂತಿತು. ಮರುವರ್ಷ ಅವರೇ ತೀರಿಹೋದರು.

ಊರವರು ಹಾಡು ಕೇಳಿ ಕಣ್ಣೊರೆಸಿಕೊಂಡರು. ಇಂದುಬಾಯಿಗೆ ಬೇಕಾಗಿದ್ದದ್ದು ಹಾಡಲ್ಲ, ಆ ಒಂದು ಮಾತು. ಅದನ್ನು ಕೇಳಿದ ಸಂಜೆ ಒಬ್ಬಳೇ ಉಂಡರೂ ರೊಟ್ಟಿ ಗಂಟಲಲ್ಲಿ ಇಳಿಯುತ್ತಿತ್ತು.

ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರಂತೆ. ಮದುವೆಯ ಕ್ಯಾಸೆಟ್ಟು ಮಳೆಗಾಲದ ತೇವಕ್ಕೆ ಬೂಸ್ಟು ಹಿಡಿದು ಹಾಳಾಗಿತ್ತು. ಇದಕ್ಕೂ ಹಿಡಿಯಬಾರದೆಂದು ಪ್ರತಿ ಬೇಸಿಗೆ ತೊಗರಿ, ಹಪ್ಪಳದ ಜೊತೆ ಸಿ.ಡಿ.ಯನ್ನೂ ಮಾಳಿಗೆಯ ಮೇಲೆ ಒಣಹಾಕುತ್ತಿದ್ದಳು. ಹೊಳೆಯುವ ಮೈ ಮೇಲ್ಮುಖವಾಗಿ. ಗಾಳಿಗೆ ಹಾರದಂತೆ ನಡುವೆ ಸಣ್ಣ ತಂಬಿಗೆ. ಸಿ.ಡಿ.ಯ ಬೆನ್ನಿಗೆ ಗಂಡನ ಫೋಟೊ ಅಂಟಿಸಲು ಗೋಂದನ್ನೂ ತಂದಿಟ್ಟಿದ್ದಳು, ಪುಣ್ಯಕ್ಕೆ ಮರೆತಳು. ಇಷ್ಟು ಜೋಪಾನ ಮಾಡಿದ ಸಿ.ಡಿ.ಯನ್ನು ಈ ಸಲ ಮನೆಯ ಪ್ಲೇಯರು ತಿರುಗಿಸಿ ತಿರುಗಿಸಿ ಹೊರಗೆ ತಳ್ಳಿತು. ಅದನ್ನು ಎತ್ತಿಕೊಂಡು ಗೋಕಾಕದ ಬಸ್ಸು ಹತ್ತಿದಳು.

"ಬೂಸ್ಟಲ್ರಿ ಕಾಕೂ, ಬಿಸಲ ಹೊಡದೈತಿ," ಅಂದ ಗುರುರಾಜ. "ಒಳಗಿನ ಬಣ್ಣದಾಗ ದನಿ ಇರತೈತಿ. ಬಣ್ಣ ಹೋದ್ರ ದನೀನೂ ಹೋತು."

"ಬೂಸ್ಟು ಹಿಡೀದಂಗ ನೋಡ್ಕೋರಿ ಅಂತ ನೀನ ಹೇಳಿದ್ದೆಲ್ಲಪಾ!"

"ಖರೆ ಐತ್ರಿ. ಆಗ ನನಗೂ ಗೊತ್ತಿರಲಿಲ್ಲ."

"ಹೊಳಿಯೂ ಬಾಜೂಕ ನಾ ಕೈಬಟ್ಟ ಸೈತ ಹಚ್ಚಿಲ್ಲ."

"ಎಲ್ಲಾರೂ ಅದನ್ನ ಕಾಯ್ತಾರ್ರಿ. ಖರೆ ನಾಜೂಕ ಅಂದ್ರ ಬೆನ್ನು. ಅಲ್ಲಿ ಗೀರು ಬಿದ್ರ, ಚೀಟಿ ಹಚ್ಚಿ ಕಿತ್ತಿದ್ರ, ಮುಗೀತು." ಮಾತಾಡುತ್ತಲೇ ಸಿ.ಡಿ.ಯನ್ನು ಬೆಳಕಿಗೆ ಹಿಡಿದ. ಮಾಸಿದ ಮೈಯ ನಡುವೆ ದುಂಡಗೆ ಒಂದು ಕಡುಬಣ್ಣದ ಗುರುತು. "ಇಲ್ಲೇನ ಇಟ್ಟಿದ್ರಿ?"

"ತಂಬಿಗಿ."

"ಇದು ನಡುವಿನಿಂದ ಹೊರಗ ಓಡತೈತ್ರಿ. ಮೊದಲಿಂದಿಷ್ಟು ಉಳದಿರಬೇಕು." ಕಂಪ್ಯೂಟರಿಗೆ ಹಾಕಿದ.

ಕೆಮ್ಮು. ಗಂಟಲು ಸರಿಮಾಡಿಕೊಂಡ ಸದ್ದು. "ಇಂದೂ, ಆ ಫ್ಯಾನ್ ಬಂದ್ ಮಾಡು." ಆಮೇಲೆ ಭಜನೆಯ ಒಂದು ಸಾಲು, ಹಿಂದೆಯೇ ಬರೀ ಕರಕರ.

ಇಂದುಬಾಯಿ ಎದ್ದು ನಿಂತಿದ್ದಳು. ಕೈ ಗೋಡೆಯ ಬಟನ್ನಿನವರೆಗೆ ಹೋಗಿತ್ತು. ಫ್ಯಾನು ತಿರುಗುತ್ತಿರಲಿಲ್ಲ. ಮರಳಿ ಬಂದು ಕೂತಳು.

"ಹಾಡು ಹೋತ್ರಿ," ಅಂದ ಗುರುರಾಜ, ತಪ್ಪು ತನ್ನದೇ ಎಂಬಂತೆ. ಉಳಿದಷ್ಟನ್ನು ಹೊಸ ಸಿ.ಡಿ.ಗೆ ಇಳಿಸಿದ. ಬೆನ್ನು ಗೀರದ ಮೆತ್ತನೆ ತುದಿಯ ಪೆನ್ನು ತೆಗೆದ. "ಏನಂತ ಬರೀಲ್ರಿ? ಕಾಕಾರ ಹೆಸರು?"

ಇಂದುಬಾಯಿ ಸಿ.ಡಿ.ಯನ್ನು ಅವನ ಕೈಯಿಂದ ತಗೊಂಡು ಸೆರಗಿನಲ್ಲಿ ಸುತ್ತಿದಳು.

"ಏನೂ ಬರೀಬ್ಯಾಡಪಾ. ನನ್ನ ಹೆಸರು ಒಳಗ ಐತಿ."