ಇಪ್ಪತ್ತೆಂಟು ಹಲ್ಲಿನ ಚಕ್ರ

ಬೆರಳ ನಡುವಿನಿಂದ ಅವರೆಕಾಳು ಜಾರಿ ಬೋಗುಣಿಗೆ ಬಿತ್ತು, ಸಿಪ್ಪೆ ಕೈಯಲ್ಲೇ ಉಳಿಯಿತು, ನೆನೆದ ಕಾಳು ಹಿತುಕುವುದಕ್ಕೆ ಬಲ ಬೇಡ, ಮೆತ್ತಗೆ ಒತ್ತಿದರೆ ತಾನೇ ಬರುತ್ತದೆ, ಜೋರು ಮಾಡಿದರೆ ಒಡೆದು ಎರಡಾಗುತ್ತದೆ — ಅಂಗಳದಲ್ಲಿ ಮೊಮ್ಮಗಳು ತನುಜಳ ಸೈಕಲ್ಲು ಚಕ್ರ ಮೇಲಾಗಿ ಮಲಗಿದೆ, ಪಕ್ಕದಲ್ಲಿ ಸೈಕಲ್ ಶಾಪಿನ ಕೋನಪ್ಪ ಪಾನಾ ಹಿಡಿದು ಕೂತಿದ್ದಾನೆ, ಹಳೇ ಪೇಪರಿನ ಮೇಲೆ ಪೆಡಲ್ ಹತ್ತಿರ ಕೂರಿಸುವ ಎರಡು ಹಲ್ಲುಚಕ್ರ, ಬಿಚ್ಚಿದ್ದಕ್ಕೆ ಮೂವತ್ನಾಲ್ಕು ಹಲ್ಲು, ಹೊಸದಕ್ಕೆ ಇಪ್ಪತ್ತೆಂಟು, ಯಾವ್ದು ಹಾಕ್ಲಿ ಹೇಳಮ್ಮ, ನಾನು ಅಂಗಡಿ ತೆಗೀಬೇಕು ಅನ್ನುತ್ತಾನೆ, ತನುಜ ನನ್ನ ಮುಖ ನೋಡುತ್ತಾಳೆ, ಕಾಗದ ನಿಂದು, ನೀನೇ ಹೇಳಜ್ಜಿ. ಇರಲಿ, ಅವಸರ ಏನು, ಊಟ ಮುಗಿಸಿ ತಾನೇ ಅವಳು ಹೊರಡುವುದು, ಗೌರಿಬಿದನೂರಿಂದ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಅಲ್ಲಿಂದ ಕೆಂಚಾರ್ಲಹಳ್ಳಿ, ಆಮೇಲೆ ಆಂಧ್ರದ ಕಡೆಗೆ ಎಲ್ಲೆಲ್ಲಿಗೋ, ಟೆಂಟು, ಸ್ಟೌವು, ಬಟ್ಟೆ ಹಿಂದಿನ ಚೀಲಗಳಲ್ಲಿ, ಹ್ಯಾಂಡಲ್ಲಿನ ಪುಟ್ಟ ಚೀಲದಲ್ಲಿ ನನ್ನ ಕಾಗದ, ಕೆಂಚಾರ್ಲಹಳ್ಳಿಯ ನನ್ನ ತಂಗಿ ಅಮ್ಮಾಜಮ್ಮನಿಗೆ.

ರಾತ್ರಿ ಶಾಲೆಯಲ್ಲಿ ಮೇಷ್ಟ್ರು ಯಾರಿಗಾದರೂ ಒಂದು ಕಾಗದ ಬರೀರಿ ಅಂದಾಗ ಬರೆದದ್ದು, ಅಮ್ಮಾಜಿ, ನೀನು ಬಂದು ನನ್ನ ಜೊತೆ ಇರು, ವಿಷಯ ಅಷ್ಟೇ, ಹೇಳುವುದಕ್ಕೆ ಎರಡು ಹಾಳೆ ಹಿಡಿಯಿತು, ಕಳಿಸಲಿಲ್ಲ. ಅವಳಿಗೆ ಓದು ಬಾರದು, ಪೋಸ್ಟಿನವನು ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಓದುತ್ತಾನೆ, ಬೀದಿಗೆಲ್ಲ ಕೇಳುತ್ತದೆ. ಫೋನಿನಲ್ಲಿ ಅವಳಿಗೇ ಕೇಳದು, ವಿನಪಡಲೇದಕ್ಕಾ ಅನ್ನುತ್ತಾಳೆ, ಅವಳ ಸೊಸೆ ನಡುವೆ ನಿಂತು ಕೂಗಿ ಹೇಳಬೇಕು, ನಮ್ಮನೇಲಿ ಏನು ಕಮ್ಮಿಯಾಗಿದೆ ಅಂತ ಆ ಹುಡುಗಿ ಮುಖ ಸಣ್ಣಗಾಗುತ್ತದೆ, ಒಳ್ಳೆಯವಳು ಪಾಪ. ನಾನೇ ಹೋಗಿ ಕೇಳಿದ್ದೆ, ಮನೆಮಂದಿಯೆಲ್ಲ ಸುತ್ತ ಕೂತಿದ್ದರು, ಅವರೆದುರು ಏನು ಹೇಳಿಯಾಳು, ನಕ್ಕು ಕಾಫಿ ತಂದಳು. ಕಾಗದವಾದರೆ ಆಗಲೇ ಉತ್ತರ ಕೊಡಬೇಕಿಲ್ಲ. ಯಾರಾದರೂ ಅವಳೊಬ್ಬಳನ್ನೇ ಹಿಪ್ಪುನೇರಳೆ ತೋಟದ ಬದುವಿನ ಮೇಲೆ ಕೂರಿಸಿಕೊಂಡು, ಕಿವಿಗೆ ಬಾಯಿಟ್ಟು, ಬಿಡಿಸಿ ಬಿಡಿಸಿ ಓದಬೇಕು, ಅವಳು ಅಂಗೈ ಬಗ್ಗಿಸಿ ಕಿವಿಯ ಹಿಂದೆ ಇಡುತ್ತಾಳೆ, ಜೋಲುಬಿದ್ದ ಕಿವಿ, ಓಲೆಯಿಲ್ಲದ ತೂತು, ಆ ಅಂಗೈ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಮನೆಯಲ್ಲಿ ನಾನು ಚಕ್ರ ತಿರುಗಿಸುತ್ತಿದ್ದೆ, ಅವಳು ಬಿಸಿನೀರಿನ ಗೂಡಿನಿಂದ ಎಳೆ ಹಿಡಿಯುತ್ತಿದ್ದಳು, ಮೆಲ್ಲಗೆ ಕಣಕ್ಕಾ, ಕಿತ್ಕೊಳ್ತದೆ — ಚಕ್ರ ದೊಡ್ಡದಾದರೆ ನೂಲು ಬೇಗ, ಅದೇ ಲೆಕ್ಕದಲ್ಲಿ ತನುಜಳಿಗೂ ಹೇಳಿಬಿಟ್ಟಿದ್ದೆ, ಮುಂದೆ ದೊಡ್ಡದೇ ಇರ್ಲಮ್ಮ, ಬೇಗ ಮುಟ್ತೀಯ. ಹಾಕಿಸಿದಳು, ಚೀಲಕ್ಕೆ ಇಟ್ಟಿಗೆ ತುಂಬಿಕೊಂಡು ಮಂಚೇನಹಳ್ಳಿ ಆಚೆಯ ಏರು ಹತ್ತಿ ನೋಡಿದಳು, ಮೇಲಿಂದ ಫೋನು ಮಾಡಿ ಅಜ್ಜೀ ಅಂದಳು, ಆಮೇಲೆ ಬರೀ ಉಸಿರು, ಕುಲುಮೆಯ ತಿದಿ ಒತ್ತಿದ ಹಾಗೆ, ನಾನಿಲ್ಲಿ ಫೋನಿನ ಹಿಂದೆ ಅಂಗೈ ಬಗ್ಗಿಸಿ ಹಿಡಿದಿದ್ದೇನೆ, ನಾನೂ, ಒಂದು ಮಾತೂ ತಿಳಿಯುತ್ತಿಲ್ಲ.

ಆ ಸಂಜೆ ಲೆಕ್ಕ ಹೇಳಿಕೊಟ್ಟಳು, ಮುಂದಿನ ಹಲ್ಲನ್ನ ಹಿಂದಿನ ಹಲ್ಲಿಂದ ಭಾಗಿಸಜ್ಜಿ, ಹಿಂದಿನ ದೊಡ್ಡದಕ್ಕೂ ಮೂವತ್ನಾಲ್ಕೇ, ಮುಂದೂ ಅದೇ ಇದ್ದರೆ ಪೆಡಲ್ ಒಂದು ಸುತ್ತಿಗೆ ಚಕ್ರ ಒಂದು ಸುತ್ತು, ಇಪ್ಪತ್ತೆಂಟಾದರೆ ಒಂದು ಸುತ್ತೂ ಪೂರ್ತಿಯಿಲ್ಲ, ಕಾಲಿಗೆ ಅಷ್ಟು ಹಗುರ, ದಾರಿ ಅಷ್ಟು ನಿಧಾನ. ಸಪಾಟಿಗೆ, ಇಳಿಜಾರಿಗೆ ಅಂತ ಮುಂದೆ ಇವೆರಡಕ್ಕಿಂತ ದೊಡ್ಡದು ಇನ್ನೊಂದು ಇದ್ದೇ ಇದೆ. ಆದರೂ ಅವಳಿಗೆ ಮನಸ್ಸಿಲ್ಲ, ಸವಾರಿ ಗುಂಪಿನ ಹುಡುಗರು ಅದನ್ನು ಅಜ್ಜಿ ಗೇರ್ ಅಂತ ಆಡಿಕೊಳ್ಳುತ್ತಾರಂತೆ, ಕೋನಪ್ಪ ಬೇರೆ, ಇದನ್ನ ಹಾಕಿದ್ರೆ ನಗರಗೆರೆ ಮೇಕೆಗಳು ಹಾರ್ನ್ ಹೊಡ್ಕೊಂಡು ಮುಂದಕ್ಕೋಗ್ತವೆ ನೋಡಮ್ಮ, ಹೋಗಲಿ ಬಿಡು, ಮೇಕೆಗಳ ಹತ್ತಿರ ಕಾಗದ ಇಲ್ಲವಲ್ಲ — ಒಂದು ಕಾಳು ಒಡೆಯಿತು, ಜೋರಾಯಿತು ಕೈ. ತನುಜ ಏದುಸಿರಿನಲ್ಲಿ ಕಾಗದ ಓದಿದರೆ ಅಮ್ಮಾಜಿ ಏನೆಂದುಕೊಂಡಾಳು, ಯಾರೋ ಸತ್ತ ಸುದ್ದಿ ಅಂದುಕೊಂಡಾಳು. ಕೈ ಒರೆಸಿಕೊಂಡೆ. ಚಿಕ್ಕದು ಹಾಕಪ್ಪ ಕೋನಪ್ಪ, ಅವಳು ಅಲ್ಲಿ ಮುಟ್ಟಿದ್ಮೇಲೆ ಮಾತಾಡ್ಬೇಕು. ಲೇಟಾಗುತ್ತಲ್ಲಜ್ಜಿ ಅಂದಳು ತನುಜ. ಆಗ್ಲಿ ಬಿಡಮ್ಮ, ಉಸಿರು ಮಿಗಿಸ್ಕೊಂಡು ಹೋಗು.

ಹಿತುಕಿದ ಬೇಳೆ ಸಾರಿನಲ್ಲಿ ಮುದ್ದೆ ಮುರಿದು ಉಂಡಳು, ಹೊರಟಳು, ನಮ್ಮ ಬೀದಿಯ ತುದಿಯಲ್ಲೂ ಒಂದು ಏರಿದೆ, ಮಣಭಾರದ ಸೈಕಲ್ಲು, ಚೈನು ಚಿಕ್ಕದಕ್ಕೆ ಇಳಿದ ಸದ್ದು ಕೇಳಿತು, ಕಾಲು ಚಕಚಕ ಸುತ್ತುತ್ತಿವೆ, ಚಕ್ರ ಮಾತ್ರ ಬಸುರಿಯ ಹಾಗೆ ನಿಧಾನ, ತಿರುವಿನಲ್ಲಿ ಹಿಂದಕ್ಕೆ ನೋಡಿ, ಬರ್ತೀನಜ್ಜಿ ಅಂದಳು, ಅಷ್ಟು ದೂರದಿಂದ ಒಂದೊಂದು ಅಕ್ಷರವೂ ಕೇಳಿತು, ಉಸಿರು ತುಂಡಾಗಿಲ್ಲ, ಹೋಯಿತು ಕಾಗದ, ಕೊನೆಗೂ ಹೋಯಿತು, ಮೊರದಲ್ಲಿ ಸಿಪ್ಪೆ ಉಳಿದಿದೆ, ಬಾಗಿದ ಖಾಲಿ ಸಿಪ್ಪೆಗಳು, ಒಂದೊಂದೂ ಅಂಗೈಯ ಹಾಗೆ, ಅಮ್ಮಾಜಿ ಬದುವಿನ ಮೇಲೆ ಕೂತಿದ್ದಾಳೆ, ಓಲೆಯಿಲ್ಲದ ಕಿವಿ, ಕಿವಿಯ ಹಿಂದೆ ಬಗ್ಗಿದ ಅಂಗೈ, ಆ ಅಂಗೈ