ಸೋಡಾಬುಡ್ಡಿಯವರ ಕನ್ನಡಕ

ಸೋಡಾಬುಡ್ಡಿ ಎಂದೇ ಹೆಸರಾಗಿದ್ದ ಹಾಸ್ಯನಟರು ತೀರಿಕೊಂಡು ಮೂರು ವಾರವಾಗಿತ್ತು. ಅಷ್ಟರಲ್ಲಿ ಅವರದೇ ಎಂದು ಹೇಳಿಕೊಂಡು ಮೂರು ಕನ್ನಡಕಗಳು, ಊರವರು ಕನ್ನಡಕದಕ್ಕ ಎಂದು ಕರೆಯುವವಳ ಅಂಗಡಿಯ ಮೆಟ್ಟಿಲು ಹತ್ತಿ, ಮಾನ ಕಳೆದುಕೊಂಡು ಇಳಿದು ಹೋಗಿದ್ದವು.

ಅಭಿಮಾನಿ ಸಂಘದವರಿಗೆ ವಾಚನಾಲಯದ ಗಾಜಿನ ಕಪಾಟಿನಲ್ಲಿ ಅವರ ದಪ್ಪ ಕನ್ನಡಕವೊಂದನ್ನು ಇಡುವ ಆಸೆ. ಮುಖದ ಮೇಲಿದ್ದದ್ದು ಅವರ ಜೊತೆಗೇ ಹೋಗಿತ್ತು. ಹಳೆಯದು ಯಾರ ಬಳಿಯಾದರೂ ಇದ್ದರೆ ಕೊಡಿ, ಕೊಟ್ಟವರ ಹೆಸರು ಕಪಾಟಿನ ಮೇಲೆ ಬರೆಸುತ್ತೇವೆ ಎಂದು ಚೀಟಿ ಅಂಟಿಸಿದರು. ಅಲ್ಲಿಗೆ ಸತ್ತ ಎಮ್ಮೆ ಸೇರುಗಟ್ಟಲೆ ಹಾಲು ಕರೆಯತೊಡಗಿತು. ಜೀವಮಾನವಿಡೀ ಅವರಿಗೆ ಕನ್ನಡಕ ಮಾಡಿಕೊಟ್ಟದ್ದು ಕನ್ನಡಕದಕ್ಕನ ಅಪ್ಪನ ಅಂಗಡಿ. ಹಾಗಾಗಿ ನಿಜ ಸುಳ್ಳು ಹೇಳುವ ಕೆಲಸ ಅವಳ ತಲೆಗೆ ಬಂತು. ಅವಳೋ, ಹಾಲು ಬೆಳ್ಳಗಿದೆ ಎಂದರೂ ದೀಪ ಹಿಡಿದು ನೋಡುವವಳು. ಮೊದಲನೆಯದು ಬರೀ ಕಿಟಕಿ ಗಾಜು. ಎರಡನೆಯದು ಪೇಪರ್ ಓದುವ ಕನ್ನಡಕ. ಮೂರನೆಯದರ ಕಡ್ಡಿಯಲ್ಲಿ ಹೋದ ವರ್ಷ ತೆರೆದ ಅಂಗಡಿಯ ಹೆಸರಿತ್ತು.

ನಾಲ್ಕನೆಯದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ತಂದವನು ಒಬ್ಬ ನಿವೃತ್ತ ಬಸ್ ಕಂಡಕ್ಟರ್.

"ಅವರೇ ಕೈಯಾರೆ ಕೊಟ್ಟಿದ್ದಮ್ಮ," ಎಂದ.

"ಎಲ್ರಿಗೂ ಕೈಯಾರೆನೇ ಕೊಟ್ಟಿದ್ದಾರೆ," ಎಂದು ಅವಳು ಅದನ್ನು ಪವರ್ ಅಳೆಯುವ ಯಂತ್ರದಲ್ಲಿಟ್ಟಳು. ಹಾಸ್ಯನಟರ ಎರಡು ಕಣ್ಣಿಗೂ ಮೈನಸ್ ಒಂಬತ್ತು. ಅದು ಅವಳಿಗೆ ಬಾಯಿಪಾಠ. ಇದು ಬಲಕ್ಕೆ ಮೈನಸ್ ಎರಡು, ಎಡಕ್ಕೆ ನಾಲ್ಕೂವರೆ. ಆದರೆ ಕಡ್ಡಿಯ ಒಳಗೆ ಅಪ್ಪ ಅಂಗಡಿಯ ಗುರುತಾಗಿ ಸೂಜಿಯಿಂದ ಚುಚ್ಚುತ್ತಿದ್ದ ಎರಡು ಚುಕ್ಕೆಗಳಿದ್ದವು. ಅವಳ ಅನುಮಾನ ಇನ್ನೂ ಬಲವಾಯಿತು.

"ನಮ್ಮ ಅಂಗಡೀದೇ. ಆದ್ರೆ ಅವರದ್ದಲ್ಲ. ಬಸ್ಸಲ್ಲಿ ಯಾರೋ ಮರೆತು ಹೋಗಿದ್ದು ತಾನೆ, ಯಜಮಾನ್ರೇ?"

ಕಂಡಕ್ಟರನ ಕೈ ತಟ್ಟನೆ ಹೆಗಲಿಗೆ ಹೋಯಿತು. ವರ್ಷಗಟ್ಟಲೆ ಚೀಲ ತೂಗುಹಾಕಿದ್ದ ಹೆಗಲು. ತಡಬಡಿಸಿದಾಗೆಲ್ಲ ಅಲ್ಲಿ ಪಟ್ಟಿ ಹುಡುಕುವುದು ಆತನ ಅಭ್ಯಾಸ. ಅದು ಅವಳಿಗೇನು ಗೊತ್ತು? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದುಕೊಂಡಳು.

"ಇಪ್ಪತ್ತೆರಡು ವರ್ಷ ಆಯ್ತು," ಎಂದ ಆತ. "ಅವರು ದಿನಾ ನಮ್ಮ ಬಸ್ಸಲ್ಲೇ ಓಡಾಡ್ತಿದ್ರು. ನಂಗೆ ಹಿಂದಿನ ಸೀಟಲ್ಲಿ ಕೂತೋರ ಮುಖ ಕಾಣ್ತಿರ್ಲಿಲ್ಲ. ಡಾಕ್ಟ್ರು ಬರ್ಕೊಟ್ಟ ಚೀಟಿ ಜೇಬಲ್ಲೇ ಇಟ್ಕೊಂಡು, ಇವತ್ತು ನಾಳೆ ಅಂತ ತಿರುಗ್ತಿದ್ದೆ. ಒಂದಿನ ಚೀಟಿ ಇಸ್ಕೊಂಡು ನೋಡಿದ್ರು. ವಾರ ಬಿಟ್ಟು ಇದನ್ನ ಕೊಟ್ಟು, 'ನಂದೇ ಹಳೇದು ಕಣೋ, ಹಾಕ್ಕೊಂಡು ನೋಡು' ಅಂದ್ರು. ಹಾಕ್ಕೊಂಡ್ರೆ ಲೋಕಾನೇ ತೊಳೆದಿಟ್ಟ ಹಾಗೆ ಕಾಣಿಸ್ತು! 'ನಂಗೂ ನಿಂಗೂ ಒಂದೇ ಕಣ್ಣು' ಅಂತ ನಕ್ರು."

ಕತೆ ಚೆನ್ನಾಗಿ ಕಟ್ಟಿದ್ದಾನೆ ಎಂದು ಅವಳು ಮನಸ್ಸಿನಲ್ಲೇ ಅಂದುಕೊಂಡಳು. ನಾಳೆ ಬನ್ನಿ ಎಂದು ಕಳಿಸಿ, ಅಟ್ಟದಿಂದ ಆ ವರ್ಷದ ಆರ್ಡರ್ ಪುಸ್ತಕ ಇಳಿಸಿದಳು.

ಅದರಲ್ಲಿ ಹಾಸ್ಯನಟರ ಹೆಸರು ಏಳು ಕಡೆ ಇತ್ತು. ಏಳಕ್ಕೂ ಬೇರೆ ಬೇರೆ ಪವರ್. ಒಂದಂತೂ ಮಕ್ಕಳ ಅಳತೆ. ಅವಳ ಅನುಮಾನ ಈಗ ಕಂಡಕ್ಟರನನ್ನು ಬಿಟ್ಟು ಹೆತ್ತಪ್ಪನ ಮೇಲೆ ತಿರುಗಿತು. ಪುಸ್ತಕ ಹಿಡಿದುಕೊಂಡೇ ಒಳಮನೆಗೆ ಹೋದಳು.

"ಅಪ್ಪಾ, ಒಬ್ಬ ಮನುಷ್ಯನಿಗೆ ಏಳು ಥರ ಕಣ್ಣು ಇರುತ್ತಾ? ಏನಿದು ಕಳ್ಳ ಲೆಕ್ಕ?"

ಅಪ್ಪ ಪುಸ್ತಕ ತೆಗೆದುಕೊಂಡು ಮುಚ್ಚಿ ಪಕ್ಕಕ್ಕಿಟ್ಟ. ಅವಳು ಬಿಡಲಿಲ್ಲ.

"ಯಾರಿಗೂ ಹೇಳ್ಬಾರ್ದು ಅಂತ ಮಾತು ತಗೊಂಡಿದ್ದ ಆ ಮಾರಾಯ," ಎಂದ ಕೊನೆಗೆ. "ಯಾರ್ಯಾರದೋ ಚೀಟಿ ತರ್ತಿದ್ದ. ಹೊಸದು ಅಂದ್ರೆ ತಗೊಳೋಕೆ ಸಂಕೋಚ ಪಡ್ತಾರೆ, ಹಳೇದು ಅಂದ್ರೆ ತಗೋತಾರೆ ಅಂತಿದ್ದ. ಹೊಸ ಫ್ರೇಮನ್ನ ನನ್ನ ಕೈಲೇ ಉಜ್ಜಿಸಿ ಹಳೇದು ಮಾಡಿಸ್ತಿದ್ದ."

ಮರುದಿನ ಅವಳು ಕಂಡಕ್ಟರನ ಮುಂದೆ ಪುಸ್ತಕ ಬಿಚ್ಚಿಟ್ಟು, ಅಪ್ಪ ಅಂದದ್ದನ್ನೆಲ್ಲ ಹೇಳಿದಳು. ಈಗ ಅನುಮಾನಿಸುವ ಸರದಿ ಆತನದು.

"ನನ್ನನ್ನ ಸಮಾಧಾನ ಮಾಡೋಕೆ ಹೀಗೆ ಹೇಳ್ತಿದ್ದೀಯಾ?"

"ಸಮಾಧಾನ ಮಾಡೋ ಜಾತಿ ಅಲ್ಲ ನಾನು. ಊರನ್ನೇ ಕೇಳಿ."

ಆತ ಸಾಲಿನ ಮೇಲೆ ಬೆರಳಿಟ್ಟು ಎರಡು, ನಾಲ್ಕೂವರೆ ಎಂದು ಮೆಲ್ಲಗೆ ಓದಿದ. ಖುಷಿಯಾಗುತ್ತದೆ ಎಂದುಕೊಂಡಿದ್ದಳು; ಆತನ ಮುಖ ಕಪ್ಪಿಟ್ಟಿತು.

"ಹಾಗಾದ್ರೆ ಸುಳ್ಳು ಹೇಳಿದ್ರು. ಒಂದೇ ಕಣ್ಣು ಅಂತ ಇಷ್ಟು ವರ್ಷ ಊರೆಲ್ಲ ಹೇಳ್ಕೊಂಡು ಬಂದೆನಲ್ಲಮ್ಮ. ಹೆಂಡ್ತಿ ಆಗ್ಲೇ ಅಂದಿದ್ಲು, 'ಅದು ಹೇಗೆ ಸಾಧ್ಯ' ಅಂತ. ಅವಳ ಮೇಲೇ ರೇಗಿದ್ದೆ."

ಕನ್ನಡಕವನ್ನು ಜೇಬಿಗೆ ಸೇರಿಸಿ ಹೊರಟುಹೋದ. ಅವಳು ಪುಸ್ತಕ ಮುಚ್ಚಿದಳು. ನಿಜ ಹೇಳಿ ಯಾರನ್ನಾದರೂ ನೋಯಿಸಿದ್ದು ಅವಳಿಗೆ ಹೊಸದಲ್ಲ. ಆದರೂ ಆ ದಿನ ಮಧ್ಯಾಹ್ನದ ಊಟ ಸೇರಲಿಲ್ಲ.

ಭಾನುವಾರ ವಾಚನಾಲಯದಲ್ಲಿ ನೆನಪಿನ ಸಭೆ. ಕಪಾಟು ಖಾಲಿ ಇತ್ತು. ಸಂಘದ ಕಾರ್ಯದರ್ಶಿ ಮುಖ ಗಂಟಿಕ್ಕಿಕೊಂಡಿದ್ದ. ಒಬ್ಬೊಬ್ಬರೂ ಎದ್ದು ಅವರು ನನ್ನ ಆಪ್ತರು, ನನ್ನ ಹೆಗಲ ಮೇಲೆ ಕೈ ಹಾಕಿದ್ದರು ಎಂದು ಹೇಳುತ್ತಾ ಹೋದರು. ಕನ್ನಡಕದಕ್ಕ ಒಂದನ್ನೂ ನಂಬದೆ ಕೇಳುತ್ತಾ ಕೂತಿದ್ದಳು. ಆಗ ಕಂಡಕ್ಟರ್ ಎದ್ದು ನಿಂತ. ಮೂಗಿನ ಮೇಲೆ ಅದೇ ಹಳೆಯ ಕನ್ನಡಕ.

"ಅವರು ನಂಗೆ ಸುಳ್ಳು ಹೇಳಿದ್ರು," ಎಂದ.

ಸಭೆಯಲ್ಲಿ ಗುಸುಗುಸು ಎದ್ದಿತು. ಕಾರ್ಯದರ್ಶಿ ಕೂರಿಸಲು ಬಂದ. ಆತ ಕೂರಲಿಲ್ಲ, ಚೀಟಿಯಿಂದ ಹಿಡಿದು ಉಜ್ಜಿ ಹಳೆಯದು ಮಾಡಿದ ಫ್ರೇಮಿನವರೆಗೆ, ಹೆಂಡತಿಯ ಮೇಲೆ ರೇಗಿದ್ದನ್ನೂ ಬಿಡದೆ ಎಲ್ಲ ಹೇಳಿದ. "ಇದು ಅವರದ್ದಲ್ಲ, ನಂದು. ಕಪಾಟಿಗೆ ಕೊಡಲ್ಲ," ಎಂದು ಕೂತ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬ ದರ್ಜಿ ಹೆಂಗಸು ತನ್ನ ಕನ್ನಡಕ ತೆಗೆದು ಕಡ್ಡಿಯ ಒಳಗೆ ಬೆರಳಾಡಿಸುತ್ತಿದ್ದಳು.

ಕನ್ನಡಕದಕ್ಕ ಅವಳನ್ನು ಓರೆಗಣ್ಣಿನಿಂದ ನೋಡಿದಳು. ಅದೂ ಅವರೇ ಕೊಟ್ಟದ್ದು ಇರಬಹುದು, ಇಲ್ಲದೆಯೂ ಇರಬಹುದು. ಪುಸ್ತಕ ನೋಡಿದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಅವಳು ಏಳಲಿಲ್ಲ.